ಸಂರಕ್ಷಣೆ ಅನ್ನೋ ಮಾತು

ನೀರಿನ ಕಟ್ಟೆ ಇದ್ದ ಜಾಗದಲ್ಲಿ ಕೆಮ್ಮಣ್ಣು ಸುರಿದಿತ್ತು. ಬಸ್ಸಿಳಿದು ನಡೆದು ಬಂದ ದೀಪಶ್ರೀ, ದಾರಿ ತಪ್ಪಿ ಬೇರೆ ಯಾರದೋ ಹೊಲಕ್ಕೆ ಬಂದೆನೇ ಅಂದುಕೊಂಡಳು. ಇಲ್ಲ, ಅದೇ ಹೊಂಗೆಮರ, ಅದೇ ಪಂಪಿನ ಮನೆ. ಹೋದ ಭಾನುವಾರ ಮೊಣಕಾಲುದ್ದ ನೀರಲ್ಲಿ ನಿಂತು ಏರೋಪ್ಲೇನ್ ಚಿಟ್ಟೆಯ ಫೋಟೊ ತೆಗೆದ ಕಡೆ ಈಗ ಜೇಸಿಬಿಯ ಚಕ್ರದ ಗುರುತು. ಒಂದಿಷ್ಟು ಜೊಂಡು ಮಣ್ಣಿನಿಂದ ತಲೆ ಹೊರಹಾಕಿತ್ತು, ಅಷ್ಟೇ.

ಹೊಲದ ಯಜಮಾನ ಪುಟ್ಟಮಲ್ಲಪ್ಪ ಪಂಪಿನ ಮನೆಯಿಂದ ಹೊರಬಂದವನು ಅವಳನ್ನು ಕಂಡು ಹಿಂಜರಿದ. ಆಮೇಲೆ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ಹತ್ತಿರ ಬಂದ.

"ಬನ್ನಿ ಮೇಡಮ್ಮೋರೆ, ಟೀ ಕುಡೀರಿ."

"ಟೀ ಇರ್ಲಿ ಯಜಮಾನ್ರೆ. ಏನಿದು? ಕಟ್ಟೆ ಯಾಕೆ ಮುಚ್ಚಿಸಿದ್ರಿ?"

"ನೀವಂದ ಮಾತ್ಗೇ ಮುಚ್ಚುಸ್ದೆ ಕಣವ್ವ."

"ನಾನೇನಂದೆ?"

ಅವಳು ಅಂದಿದ್ದೇನೋ ನಿಜ. ಯಳಂದೂರಿನ ಹೈಸ್ಕೂಲಲ್ಲಿ ವಿಜ್ಞಾನ ಪಾಠ ಹೇಳುವ ಹೆಂಗಸು. ರಜೆ ಬಂದರೆ ಸಾಕು, ಕ್ಯಾಮೆರಾ ಹೆಗಲಿಗೇರಿಸಿ ಕೆರೆಕಟ್ಟೆ ಸುತ್ತುವ ಹುಚ್ಚು. ಸುತ್ತಿನ ಯಾವ ಕೆರೆಯಲ್ಲೂ ಕಾಣದ, ರೆಕ್ಕೆಗೆ ಕಂದು ಪಟ್ಟೆಯಿರುವ ಏರೋಪ್ಲೇನ್ ಚಿಟ್ಟೆ ಇವನ ಕಟ್ಟೆಯಲ್ಲಿ ಸಿಕ್ಕಿದಾಗ ಅವಳ ಕಾಲು ನೆಲದ ಮೇಲೆ ನಿಂತಿರಲಿಲ್ಲ. ಕ್ಯಾಮೆರಾವನ್ನು ಅವನ ಮೂಗಿಗೇ ಹಿಡಿದು, "ಇಂಥದ್ದು ಎಲ್ಲೂ ಇಲ್ಲ ಯಜಮಾನ್ರೆ, ನಿಮ್ಮ ಕಟ್ಟೇಲಿ ಮಾತ್ರ! ಇದರ ಸಂರಕ್ಷಣೆ ಆಗ್ಲೇಬೇಕು. ನಾನು ಮೇಲಿನವರಿಗೆಲ್ಲ ಬರೀತೀನಿ" ಅಂದಿದ್ದಳು. ಪಾಠದ ಮಾತು ಬಾಯಿಗೆ ಬಂತು, ಆಡಿದಳು. ಅವನು ಹೂಂ ಅಂದಿದ್ದ. ಹೊಗಳಿಕೆಗೆ ನಾಚಿದ ಅಂತ ತಿಳಿದಿದ್ದಳು ಈ ಪುಣ್ಯಾತ್ಗಿತ್ತಿ.

"ಸಂರಕ್ಸಣೆ ಅಂದ್ರಲ್ಲ," ಅಂದ ಪುಟ್ಟಮಲ್ಲಪ್ಪ. "ಬೆಟ್ಟದ್ ದಾರೀಲಿ ಪಾರೆಸ್ಟ್ನೋರು ಬೋರ್ಡ್ ಆಕವ್ರಲ್ಲ, ಅದ್ರಲ್ಲೂ ಅದೇ ಬರ್ದದೆ. ಸಂರಕ್ಸಿತ ಜಾಗ, ಯಾರೂ ಕಾಲಿಡಂಗಿಲ್ಲ ಅಂತ. ದನ ಬುಡಂಗಿಲ್ಲ, ಸೌದೆ ಮುರಿಯಂಗಿಲ್ಲ. ನಾಳೀಕೆ ನಿಮ್ ಚಿಟ್ಟೆ ಅದೆ ಅಂತ ನನ್ ಒಲಕ್ಕೂ ಬೇಲಿ ಬಿದ್ರೆ ಎಲ್ಲಿಗೋಗ್ಲಿ? ಇರಾದೇ ಒಂದೂವರೆ ಎಕ್ರೆ."

"ಅಯ್ಯೋ ದೇವರೇ! ಚಿಟ್ಟೆಗೆ ಯಾರಾದ್ರೂ ಬೇಲಿ ಹಾಕ್ತಾರಾ? ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

"ಕೇಳುದ್ರೆ ಬ್ಯಾಡ ಅಂತಿದ್ರಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ದೀಪಶ್ರೀಗೆ ಅಳು ನುಗ್ಗಿ ಬಂತು. ಅವನನ್ನು ಬೈಯೋಣವೆಂದರೆ ಬೈಗುಳ ತನಗೇ ಸಲ್ಲಬೇಕಾದದ್ದು ಅನ್ನಿಸಿತು. ಅವನ ಮುಖದಲ್ಲೂ ಗೆದ್ದ ಕಳೆಯೇನಿರಲಿಲ್ಲ.

"ನಮ್ಮಪ್ಪ ತೋಡಿದ್ ಕಟ್ಟೆ ಕಣವ್ವ. ದನ ಈಗ್ಲೂ ಇಲ್ಗೇ ಬಂದು ಮಣ್ಣು ಮೂಸ್ಕಂಡು ಓಯ್ತವೆ," ಅಂದು ಅತ್ತ ತಿರುಗಿದ. ತಿರುಗಿದವನೇ ಕೈ ಚಾಚಿ ಕೂಗಿದ: "ಅಗೋ, ನಿಮ್ ಚಿಟ್ಟೆ! ಇನ್ನೂ ಬದ್ಕೇ ಅದೆ! ಪೋಟ ಒಡ್ಕಳಿ!"

ಹೊಸ ಮಣ್ಣಿನ ಆ ಕೊನೆಯಲ್ಲಿ ಮೆಣಸಿನ ಸಸಿಗೆಂದು ಒಂದು ಸಾಲು ಕರಿ ಪ್ಲಾಸ್ಟಿಕ್ ಹಾಸಿತ್ತು. ಬಿಸಿಲಿಗೆ ಅದು ಥಳಥಳ ಹೊಳೆಯುತ್ತಿತ್ತು. ಪಟ್ಟೆರೆಕ್ಕೆಯ ಚಿಟ್ಟೆ ಅದರ ಮೇಲೆ ಹಾರುತ್ತ, ಬಾಲದ ತುದಿಯನ್ನು ತಾಕಿಸಿ ಮೇಲೇಳುತ್ತಿತ್ತು, ಮತ್ತೆ ತಾಕಿಸುತ್ತಿತ್ತು. ದೀಪಶ್ರೀ ಕ್ಯಾಮೆರಾ ಎತ್ತಲಿಲ್ಲ.

"ಏನ್ ಮಾಡ್ತಾ ಅದೆ ಅದು?"

"ಮೊಟ್ಟೆ ಇಡ್ತಿದೆ."

"ಪ್ಲಾಸ್ಟಿಕ್ ಮ್ಯಾಲಾ?"

"ಇದು ನೀರಲ್ಲೇ ಮೊಟ್ಟೆ ಇಡೋದು. ಹೊಳೀತಿದೆಯಲ್ಲ, ನೀರು ಅಂದ್ಕೊಂಡಿದೆ."

ಪುಟ್ಟಮಲ್ಲಪ್ಪ ಪಂಪಿನ ಮನೆಗೆ ಓಡಿದ. ಬಿಂದಿಗೆ ತುಂಬ ನೀರು ತಂದು, ಏದುಸಿರು ಬಿಡುತ್ತ ಪ್ಲಾಸ್ಟಿಕ್ಕಿನ ಪಕ್ಕದ ತಗ್ಗಿಗೆ ಸುರಿದ. ಹೊಸ ಮಣ್ಣು ಅಷ್ಟನ್ನೂ ಕುಡಿದುಬಿಟ್ಟಿತು. ಚಿಟ್ಟೆ ಪ್ಲಾಸ್ಟಿಕ್ಕಿನ ಮೇಲೆ ಮೊಟ್ಟೆ ಇಡುತ್ತಲೇ ಇತ್ತು.