ನೆರಳಿಗೆ ಪೇಟವಿತ್ತು

ಹಳೆಯ ಪತ್ತೇದಾರಿ ಚಿತ್ರದಲ್ಲಿ ಕೊಲೆ ಮಾಡಿದ್ದ ಗಿರಣಿ ಮಾಲೀಕನ ಮುಖವನ್ನು ಅಳಿಸಿ, ಅಲ್ಲಿ ಅಡುಗೆಯ ಹೆಂಗಸಿನ ಮುಖ ಕೂರಿಸಿದ್ದರು.

ದಾವಣಗೆರೆಯ ಆ ಟಾಕೀಸಿಗೆ ಇದೇನೂ ಹೊಸತಲ್ಲ. ವರ್ಷಕ್ಕೊಮ್ಮೆ ಹಳೆಯ ಚಿತ್ರಗಳು ತಿದ್ದುಪಡಿಯಾಗಿ ಬರುತ್ತವೆ. ನೋಡಿದವರು ಬಾಗಿಲಲ್ಲಿ ‘ಮೊದಲಿನಿಂದಲೂ ಹೀಗೇ ಇತ್ತು’ ಎಂಬ ಹೇಳಿಕೆಗೆ ಹೆಬ್ಬೆಟ್ಟು ಒತ್ತಿ ಮನೆಗೆ ಹೋಗುತ್ತಾರೆ.

ಆದರೆ ನಿಂಗರಾಜ ಈ ಚಿತ್ರ ನೋಡಿಯೇ ಕ್ಯಾಮೆರಾ ಹಿಡಿದವನು, ಬಿಡುವಾದಾಗಲೆಲ್ಲ ಕಿರುಚಿತ್ರ ತೆಗೆಯುವವನು. ಅವನ ಅವ್ವ ಮಾಲೀಕರೊಬ್ಬರ ಮನೆಯಲ್ಲಿ ರೊಟ್ಟಿ ತಟ್ಟಿಯೇ ಸವೆದವಳು. ದೊಡ್ಡವರೂ ಸಿಕ್ಕಿಬೀಳುತ್ತಾರೆಂದು ಅವನಿಗೆ ಹೇಳಿದ್ದು ಇದೊಂದೇ ಚಿತ್ರ. ಇಂದು ಅಡುಗೆಯವಳ ಕೈಗೆ ಬೇಡಿ ಬಿದ್ದಾಗ ಜನ ಶಿಳ್ಳೆ ಹೊಡೆದರು. ಬೆಳಕು ಹೊಂದಿಸಿ ಪಳಗಿದ ನಿಂಗರಾಜನ ಕಣ್ಣು ಮಾತ್ರ ಹಿಂದಿನ ಗೋಡೆಗೆ ಹೋಯಿತು. ತಿದ್ದಿದವರು ನೆರಳನ್ನು ಮರೆತಿದ್ದರು. ಸೆರಗು ಹೊದ್ದ ಹೆಂಗಸಿನ ನೆರಳಿಗೆ ಪೇಟವಿತ್ತು.

ಬಾಗಿಲು ಕಾಯುವ ಸಿದ್ಲಿಂಗಣ್ಣ ಅವನ ಕಿರುಚಿತ್ರಗಳಿಗೆ ದೀಪ ಹಿಡಿದವನು, ಈ ಚಿತ್ರವನ್ನು ಅವನ ಪಕ್ಕದಲ್ಲೇ ಕೂತು ಹತ್ತು ಸಲ ನೋಡಿದವನು.

“ಅಣ್ಣಾ, ಕೊಂದಿದ್ದು ಯಾರು?”

“ಅಡುಗೆಯೋಳು ಕಣೋ. ಮೊದ್ಲಿಂದಾನೂ ಅವಳೇ.” ಸಿದ್ಲಿಂಗಣ್ಣ ಮುಖ ಎತ್ತಲಿಲ್ಲ.

“ಗೋಡೆ ಮೇಲಿನ ನೆರಳು ನೋಡಿದ್ಯಾ?”

“ನೆರಳು ನೋಡಾಕೆ ಯಾರಪ್ಪಾ ಟಿಕೆಟ್ ತಗೊಂತಾರೆ? ಸುಮ್ನೆ ಒತ್ತೋ. ಇಲ್ಲಾಂದ್ರೆ ನಿನ್ ಕ್ಯಾಮೆರಾ ಕಿತ್ಕೊಂತಾರೆ.”

ನಿಂಗರಾಜ ಹೆಗಲಿನಿಂದ ಕ್ಯಾಮೆರಾ ಇಳಿಸಿ, ಸಿದ್ಲಿಂಗಣ್ಣನ ಮುಂದಿದ್ದ ಮೇಜಿನ ಮೇಲಿಟ್ಟ.

“ತಗೊಳ್ಳಲಿ. ನಮ್ಮವ್ವನ ವಿರುದ್ಧ ನಾನು ಹೆಬ್ಬೆಟ್ಟು ಒತ್ತಲ್ಲ.”