ಬೆರಳಿಟ್ಟ ಫೋಟೋ

ನೀಲವ್ವನ ಮಗಳನ್ನು ಅವಳ ಕಣ್ಣೆದುರೇ ಕೊಚ್ಚಿ ಕೊಂದವನು ಪೊಲೀಸರ ಗುಂಡಿಗೆ ಸತ್ತನೆಂಬ ಸುದ್ದಿ ಬಂದದ್ದೇ ತಡ, ಓಣಿಯಲ್ಲಿ ಪಟಾಕಿ ಸಿಡಿದವು. ಮನೆಗೆ ಬಂದ ಇನ್‌ಸ್ಪೆಕ್ಟರಿಗೆ ಹೆಂಗಸರು ಆರತಿ ಎತ್ತಿದರು.

“ಎದಿಗೆ ಮೂರು ಗುಂಡು! ಈಗರ ಹೊಟ್ಟಿ ತಣ್ಣಗಾತಿಲ್ಲೋ, ನೀಲವ್ವಾ?” ಎನ್ನುತ್ತ ಪಕ್ಕದ ಮನೆಯ ಗೌರವ್ವ ಅವಳ ಬಾಯಿಗೆ ಪೇಢೆ ತುರುಕಿದಳು.

ನೀಲವ್ವ ಪೇಢೆಯನ್ನು ಸೆರಗಿಗೆ ಉಗುಳಿ ಇನ್‌ಸ್ಪೆಕ್ಟರ್ ಕಡೆ ತಿರುಗಿದಳು. “ಸಾಹೇಬ್ರ, ಕೋರ್ಟಿನ್ಯಾಗ ನನ್ನ ಯಾವಾಗ ಕೇಳ್ತಾರ್ರಿ?”

ಇನ್‌ಸ್ಪೆಕ್ಟರ್ ನಕ್ಕರು. “ಇನ್ನ ಎಲ್ಲೀ ಕೋರ್ಟವ್ವಾ? ನೀ ಫೋಟೋದ ಮ್ಯಾಲ ಬೆರಳಿಟ್ಟಿ, ನಾವು ಮುಗಿಸಿದಿವಿ.”

ನೀಲವ್ವ ಆರತಿ ತಟ್ಟೆ ಸರಿಸಿ ಅವರೆದುರು ಬಂದು ನಿಂತಳು.

“ಮಾರಿಗೆ ಬಟ್ಟಿ ಕಟ್ಕೊಂಡಿದ್ದ, ಗುರ್ತು ಹತ್ತವಲ್ದು ಅಂದೆ. ‘ಯಾವುದರ ಒಂದು ತೋರ್ಸು, ಖರೆ ಸುಳ್ಳು ಕೋರ್ಟ್ ನೋಡ್ಕೋತದ’ ಅಂದವ್ರು ನೀವ ಅಲ್ರೀ ಸಾಹೇಬ್ರ?”