ಒಂದೇ ಕೋಣೆಯ ಆಮೆ

ಆಮೆಗಳ ಬೆನ್ನ ಮೇಲೆಯೇ ಮನೆ ಕಟ್ಟುವ ಊರದು. ಮದುವೆಯಾಗಿ ವರ್ಷ ತುಂಬಿದವರು ಒಂದು ಮರಿ ಕೊಂಡು ಸಾಕುತ್ತಾರೆ. ಅದು ಬೆಳೆಯುವ ತನಕ ಬಾಡಿಗೆಯ ಆಮೆಯ ಮೇಲಿರುತ್ತಾರೆ. ಚೆಲುವರಾಜು ಹೆಂಡತಿಯೊಡನೆ ಸಂತೆಗೆ ಬಂದಿದ್ದ. ದಪ್ಪ ಮರಿಗಳನ್ನೆಲ್ಲ ಬಿಟ್ಟು ವನಜಾಕ್ಷಿ ನಿಂಬೆಹಣ್ಣಿನಷ್ಟಿದ್ದ ಒಂದನ್ನು ಎತ್ತಿಕೊಂಡಳು. ಅದು ಅವಳ ಹಸಿರು ಬಳೆಯನ್ನು ಸೊಪ್ಪೆಂದುಕೊಂಡು ಕಚ್ಚತೊಡಗಿತು.

"ಎಷ್ಟು ಸಾಕಿದ್ರೂ ಇದರ ಮೇಲೆ ಒಂದೇ ಕೋಣೆ ಕಣಮ್ಮ," ಎಂದ ಮಾರುವವ.

ಚೆಲುವರಾಜು ಅವಳನ್ನು ಪಕ್ಕಕ್ಕೆ ಕರೆದ. "ಜಗಳ ಆದಾಗ ನೀನು ಬಾಗಿಲು ಹಾಕ್ಕೊಂಡು ಮಲಗೋಕೆ ಇನ್ನೊಂದು ಕೋಣೆ ಬೇಡ್ವಾ?"

"ಒಳಗೆ ನಂಗೂ ನಿದ್ದೆ ಬರಲ್ಲ, ಹೊರಗೆ ನಿಮಗೂ ಬರಲ್ಲ. ಅದ್ಯಾಕೆ?"

ಅವನು ದುಡ್ಡು ಕೊಟ್ಟು ಮರಿಯನ್ನು ಜೇಬಿಗಿಳಿಸಿದ. ತಮ್ಮ ಮನೆಗೆ ಉಸಿರು ಕಟ್ಟೀತೆಂದು, ದಾರಿಯುದ್ದಕ್ಕೂ ಜೇಬಿನ ಬಾಯಿ ಅಗಲಿಸಿ ಹಿಡಿದೇ ನಡೆದ.